ಸಂಕ್ರಾಂತಿಯ ಸೂರ್ಯ ನಿಜಕ್ಕೂ ಮಕರದಲ್ಲಿದ್ದಾನಾ?

ಒಂದು ಪ್ರಶ್ನೆ. ಜನವರಿ 14ರಂದು ಸೂರ್ಯ ಎಲ್ಲಿರ್ತಾನೆ?

ಇದೆಂಥ ಪ್ರಶ್ನೆ ಅಂತೀರಾ? ಎಳ್ಳು ಬೀರೋಕೆ ಹೊರಟ ಮಕ್ಕಳಿಗೂ ಉತ್ತರ ಗೊತ್ತು. ಅವತ್ತು ಮಕರ ಸಂಕ್ರಾಂತಿ. ಸೂರ್ಯ ಧನು ರಾಶಿ ಬಿಟ್ಟು ಮಕರ ರಾಶಿಗೆ ಕಾಲಿಡುವ ದಿನ. ಮನೆಯ ಗೋಡೆಗೆ ನೇತುಹಾಕಿರೋ ಕ್ಯಾಲೆಂಡರ್ ಕೂಡ ಅದನ್ನೇ ಹೇಳುತ್ತೆ.

ಈಗ ಅದೇ ಪ್ರಶ್ನೆಯನ್ನು ಒಬ್ಬ ಖಗೋಳ ವಿಜ್ಞಾನಿಗೆ ಕೇಳಿ. ‘ಸೂರ್ಯ ಇನ್ನೂ ಧನು ನಕ್ಷತ್ರಪುಂಜದಲ್ಲೇ ಇದ್ದಾನೆ, ಮಕರಕ್ಕೆ ಬರೋದು 20ರ ಹೊತ್ತಿಗೆ’ ಅಂತಾರೆ. ಲಂಡನ್ನಿನ ಒಬ್ಬ ಜ್ಯೋತಿಷಿಗೆ ಕೇಳಿ. ‘ಮಕರಕ್ಕೆ ಬಂದು ಮೂರು ವಾರ ಆಯ್ತು, ಡಿಸೆಂಬರ್ 22ರ ಸುಮಾರಿಗೇ ಬಂದ, ಇನ್ನು 20ನೇ ತಾರೀಖಿಗೆ ಕುಂಭಕ್ಕೆ ಹೊರಡ್ತಾನೆ’ ಅಂತಾರೆ. ತಮಾಷೆ ನೋಡಿ. ಖಗೋಳ ವಿಜ್ಞಾನಿಯ ಲೆಕ್ಕದಲ್ಲಿ ಸೂರ್ಯ ಮಕರದ ಒಳಗೆ ಬರುವ ಹೊತ್ತಿಗೆ ಸರಿಯಾಗಿ ಪಾಶ್ಚಾತ್ಯ ಜ್ಯೋತಿಷಿಯ ಲೆಕ್ಕದಲ್ಲಿ ಮಕರದಿಂದ ಆಚೆ ಹೋಗಿರ್ತಾನೆ!

ಇರೋದು ಒಬ್ಬನೇ ಸೂರ್ಯ. ಉತ್ತರ ಮಾತ್ರ ಮೂರು. ಹಾಗಾದ್ರೆ ಸುಳ್ಳು ಹೇಳ್ತಿರೋದು ಯಾರು?

ಯಾರೂ ಅಲ್ಲ. ಮೂರು ಬೇರೆ ಬೇರೆ ವಸ್ತುಗಳಿಗೆ ನಾವು ‘ಮಕರ’ ಅಂತ ಒಂದೇ ಹೆಸರಿಟ್ಟಿದ್ದೀವಿ. ಗೊಂದಲ ಇರೋದು ಅಲ್ಲಿ. ಈ ಗೊಂದಲಕ್ಕೆ ಸುಮಾರು ಎರಡೂವರೆ ಸಾವಿರ ವರ್ಷಗಳ ಇತಿಹಾಸ ಇದೆ. ಅದು ನಮ್ಮ ಹಬ್ಬಗಳಿಗೆ ಸಂಬಂಧಪಟ್ಟದ್ದು, ರೈತರ ಮಳೆ ಲೆಕ್ಕಕ್ಕೆ ಸಂಬಂಧಪಟ್ಟದ್ದು, ಎಷ್ಟೋ ಹೆಣ್ಣುಮಕ್ಕಳ ಮದುವೆಗೂ ಸಂಬಂಧಪಟ್ಟದ್ದು. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಚಿತ್ರ ಬೇರೆ, ಸೈಟು ಬೇರೆ

ನಕ್ಷತ್ರಪುಂಜ ಅಂದ್ರೆ ಚಿತ್ರ. ಆಕಾಶದ ಚುಕ್ಕಿಗಳಿಗೆ ಮನುಷ್ಯ ಗೆರೆ ಎಳೆದು ಬಿಡಿಸಿದ ರಂಗೋಲಿ. ಒಂದು ಪುಂಜದ ನಕ್ಷತ್ರಗಳೆಲ್ಲ ಅಕ್ಕಪಕ್ಕದ ಮನೆಯವು ಅಂದುಕೊಳ್ಳಬೇಡಿ. ಸಿಂಹದ ಎದೆಯಲ್ಲಿರುವ ಮಖಾ ನಕ್ಷತ್ರ ನಮ್ಮಿಂದ ಸುಮಾರು 79 ಜ್ಯೋತಿರ್ವರ್ಷ ದೂರ. ಅದೇ ಸಿಂಹದ ಬಾಲದಲ್ಲಿರುವ ಉತ್ತರಾ ನಕ್ಷತ್ರ ಸುಮಾರು 36 ಜ್ಯೋತಿರ್ವರ್ಷ ದೂರ, ಅಂದ್ರೆ ಅರ್ಧಕ್ಕಿಂತ ಕಡಿಮೆ. ಭೂಮಿಯಿಂದ ನೋಡಿದಾಗ ಒಂದೇ ದಿಕ್ಕಿನಲ್ಲಿ ಕಾಣ್ತವೆ, ಅಷ್ಟೇ. ಸಿಂಹ ಇರೋದು ನಮ್ಮ ಕಣ್ಣಿನಲ್ಲಿ.

ಚಿತ್ರಗಳು ಒಂದೇ ಅಳತೆಯಲ್ಲಿ ಇರೋದಿಲ್ಲ. ಕನ್ಯಾ ದೊಡ್ಡದು, ಕರ್ಕಾಟಕ ಚಿಕ್ಕದು. ಇಂದಿನ ಅಂತಾರಾಷ್ಟ್ರೀಯ ಗಡಿಗಳ ಪ್ರಕಾರ ಸೂರ್ಯ ಕನ್ಯಾ ಪುಂಜವನ್ನು ದಾಟೋಕೆ ಸುಮಾರು 45 ದಿನ ಬೇಕು. ವೃಶ್ಚಿಕ ದಾಟೋಕೆ ಒಂದೇ ವಾರ ಸಾಕು!

ಈಗ ನೀವೇ ಲೆಕ್ಕ ಬರೆಯೋ ಗುಮಾಸ್ತ ಅಂದುಕೊಳ್ಳಿ. ಒಂದು ತಿಂಗಳು 45 ದಿನ, ಇನ್ನೊಂದು ತಿಂಗಳು 7 ದಿನ ಆದ್ರೆ ಹೇಗೆ ಲೆಕ್ಕ ಇಡ್ತೀರಿ? ಈ ತಲೆನೋವು ಮೊದಲು ಬಂದಿದ್ದು ಬ್ಯಾಬಿಲೋನಿನವರಿಗೆ, ಅಂದ್ರೆ ಇವತ್ತಿನ ಇರಾಕಿನ ನೆಲದಲ್ಲಿ. ಅವರು ಮಣ್ಣಿನ ಹಲಗೆಗಳ ಮೇಲೆ ಆಕಾಶದ ಲೆಕ್ಕ ಬರೆದಿಟ್ಟ ಜನ. ‘ಮುಲ್ ಅಪಿನ್’ ಅನ್ನೋ ಅವರ ಹಳೆಯ ಸಂಕಲನದಲ್ಲಿ ಚಂದ್ರನ ದಾರಿಯಲ್ಲಿ ಸಿಗುವ ಪುಂಜಗಳ ಪಟ್ಟಿ ಇದೆ. ಎಷ್ಟು ಪುಂಜ? ಹನ್ನೆರಡಲ್ಲ, ಹದಿನೇಳರ ಸುಮಾರು. ನಮ್ಮ ಕೃತ್ತಿಕೆ ಕೂಡ ಅದರಲ್ಲಿ ಒಂದು ಪ್ರತ್ಯೇಕ ಪುಂಜ.

ಕ್ರಿಸ್ತಪೂರ್ವ 5ನೇ ಶತಮಾನದ ಹೊತ್ತಿಗೆ ಅವರು ಒಂದು ಜಾಣ ಕೆಲಸ ಮಾಡಿದರು. ಸೂರ್ಯ ಸಾಗುವ ದಾರಿಗೆ ಕ್ರಾಂತಿವೃತ್ತ ಅಂತಾರೆ. ಅದನ್ನು 360 ಡಿಗ್ರಿ ಮಾಡಿ, 30 ಡಿಗ್ರಿಯಂತೆ 12 ಸಮಭಾಗ ಮಾಡಿದರು. ಯಾಕೆ 12? ಅವರ ಲೆಕ್ಕದ ಮಾದರಿ ವರ್ಷದಲ್ಲಿ 12 ತಿಂಗಳು, ತಿಂಗಳಿಗೆ 30 ದಿನ ಇತ್ತು. ಒಂದೊಂದು ಭಾಗಕ್ಕೂ ಅದರ ಹತ್ತಿರದ ಪುಂಜದ ಹೆಸರಿಟ್ಟರು. ನಾವಿವತ್ತು ‘ರಾಶಿ’ ಅಂತ ಕರೆಯೋದು ಇದನ್ನೇ.

ಬೆಂಗಳೂರಿನವರಿಗೆ ಇದು ಬೇಗ ಅರ್ಥ ಆಗುತ್ತೆ. ಒಂದು ಕಾಲದಲ್ಲಿ ಅಂಕುಡೊಂಕಾದ ಹಳ್ಳಿ, ಕೆರೆ, ತೋಪು ಇದ್ದ ಜಾಗ. ಆಮೇಲೆ ಯಾರೋ ಬಂದು ಟೇಪು ಹಿಡಿದು 30×40 ಸೈಟು ಮಾಡಿ, ಬಡಾವಣೆಗೆ ಹಳೆಯ ಊರಿನ ಹೆಸರನ್ನೇ ಇಟ್ಟರು. ಹೆಸರು ಹಳ್ಳಿಯದು, ಗಡಿ ಲೇಔಟ್‌ನದು. ನಕ್ಷತ್ರಪುಂಜ ಅನ್ನೋದು ಆ ಹಳ್ಳಿ. ರಾಶಿ ಅನ್ನೋದು ಆ ಲೇಔಟ್.

ಇದಕ್ಕೆ ಪುರಾವೆ ನಮ್ಮ ತಲೆ ಮೇಲೇ ಇದೆ. ಜೂನ್, ಜುಲೈ ತಿಂಗಳಲ್ಲಿ ಮೋಡ ಸರಿದ ರಾತ್ರಿ ದಕ್ಷಿಣಕ್ಕೆ ನೋಡಿ. ಚೇಳಿನ ಆಕಾರ ಎಷ್ಟು ಸ್ಪಷ್ಟ ಅಂದ್ರೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಆ ಚೇಳಿನ ಬಾಲದ ಕೊಂಡಿಯೇ ಮೂಲಾ ನಕ್ಷತ್ರ. ಹಾಗಾದ್ರೆ ಮೂಲಾ ಯಾವ ರಾಶಿ? ಯಾವ ಪಂಚಾಂಗ ಬೇಕಾದ್ರೂ ತೆಗೆದು ನೋಡಿ, ಧನು ರಾಶಿ! ಚೇಳಿನ ಕೊಂಡಿ ಚೇಳಿನ ರಾಶಿಯಲ್ಲಿಲ್ಲ. ಅದು ಪಕ್ಕದ ಸೈಟಿನಲ್ಲಿದೆ. ಇದು ಯಾರೋ ಮಾಡಿದ ತಪ್ಪಲ್ಲ. ಸಮನಾಗಿ ಗೆರೆ ಎಳೆದಾಗ ಕೊಂಡಿ ಗೆರೆಯ ಆಚೆ ಬಿತ್ತು, ಅಷ್ಟೇ.

ಲೇಔಟ್ ಜಾರಲು ಶುರುವಾಯ್ತು

ಕಥೆ ಇಲ್ಲಿಗೇ ಮುಗಿದಿದ್ರೆ ದೊಡ್ಡ ಸಮಸ್ಯೆ ಇರ್ತಿರಲಿಲ್ಲ. ಆದರೆ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಒಂದು ವಿಚಿತ್ರ ಗಮನಿಸಿದ.

ಅವನು ನೋಡುತ್ತಿದ್ದದ್ದು ಸ್ಪೈಕಾ ಅನ್ನೋ ನಕ್ಷತ್ರವನ್ನು. ನಮ್ಮ ಚಿತ್ತಾ ನಕ್ಷತ್ರ, ಅಂದ್ರೆ ಚಿತ್ರಾ. ಹಗಲು ರಾತ್ರಿ ಸಮನಾಗುವ ದಿನ ಸೂರ್ಯ ಇರುವ ಜಾಗಕ್ಕೆ ವಿಷುವ ಬಿಂದು ಅಂತಾರೆ. ಹಿಪ್ಪಾರ್ಕಸ್‌ಗಿಂತ ಸುಮಾರು ಒಂದೂವರೆ ಶತಮಾನ ಹಿಂದೆ ಟಿಮೊಕಾರಿಸ್ ಅನ್ನೋನು ಅಳೆದಿದ್ದಾಗ, ಚಿತ್ತಾ ನಕ್ಷತ್ರ ಶರತ್ಕಾಲದ ವಿಷುವ ಬಿಂದುವಿನಿಂದ 8 ಡಿಗ್ರಿ ದೂರ ಇತ್ತು. ಹಿಪ್ಪಾರ್ಕಸ್ ಅಳೆದಾಗ 6 ಡಿಗ್ರಿ. ಎರಡು ಡಿಗ್ರಿ ಎಲ್ಲಿ ಹೋಯ್ತು?

ಬೇರೆ ಯಾರಾದ್ರೂ ಆಗಿದ್ರೆ ಹಳಬನ ಅಳತೆ ತಪ್ಪು ಅಂತ ಕೈ ತೊಳೆದುಕೊಳ್ತಿದ್ರು. ಹಿಪ್ಪಾರ್ಕಸ್ ಹಾಗೆ ಮಾಡಲಿಲ್ಲ. ವಿಷುವ ಬಿಂದುವೇ ನಕ್ಷತ್ರಗಳ ಹಿನ್ನೆಲೆಯಲ್ಲಿ ನಿಧಾನಕ್ಕೆ ಸರಿಯುತ್ತಿದೆ ಅನ್ನೋ ತೀರ್ಮಾನಕ್ಕೆ ಬಂದ.

ಕಾರಣ ತಿಳಿಯೋಕೆ ನ್ಯೂಟನ್ ಬರಬೇಕಾಯ್ತು. 1687ರಲ್ಲಿ ಅವನು ವಿವರಣೆ ಕೊಟ್ಟ. ಭೂಮಿ ಪೂರ್ತಿ ಗುಂಡಗಿಲ್ಲ, ಹೊಟ್ಟೆಯ ಹತ್ತಿರ ಸ್ವಲ್ಪ ಉಬ್ಬಿದೆ. ಆ ಉಬ್ಬನ್ನು ಚಂದ್ರ ಮತ್ತು ಸೂರ್ಯ ಎಳೆಯುತ್ತಾರೆ. ಹಾಗಾಗಿ ಭೂಮಿಯ ಅಕ್ಷ ಬುಗುರಿಯ ಹಾಗೆ ಓಲಾಡುತ್ತೆ. ಒಂದು ಸುತ್ತು ಓಲಾಡೋಕೆ ಸುಮಾರು 25,800 ವರ್ಷ. ಅಂದ್ರೆ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ. ಒಬ್ಬ ಮನುಷ್ಯನ ಆಯಸ್ಸಿಗೆ ಒಂದು ಡಿಗ್ರಿ! ಅದಕ್ಕೇ ಯಾರಿಗೂ ತಮ್ಮ ಜೀವಿತಾವಧಿಯಲ್ಲಿ ಇದು ಗೊತ್ತಾಗೋದೇ ಇಲ್ಲ. ಅಲ್ಲಾಡಲ್ಲ ಅಂತ ನಾವು ನಂಬಿರೋ ಧ್ರುವ ನಕ್ಷತ್ರ ಕೂಡ ಶಾಶ್ವತವಾಗಿ ಧ್ರುವ ಅಲ್ಲ. ಈಜಿಪ್ಟಿನ ಪಿರಮಿಡ್‌ಗಳ ಕಾಲದಲ್ಲಿ ಆ ಸ್ಥಾನದ ಹತ್ತಿರ ಬೇರೆ ನಕ್ಷತ್ರ ಇತ್ತು.

ಈಗ ಜ್ಯೋತಿಷಿಗಳಿಗೆ ಇಕ್ಕಟ್ಟು. ಲೇಔಟ್‌ನ ಮೊದಲ ಕಲ್ಲು, ಅಂದ್ರೆ ಮೇಷದ ಸೊನ್ನೆ ಡಿಗ್ರಿಯನ್ನು, ಎಲ್ಲಿ ನೆಡೋದು? ಋತುವಿಗೆ ಕಟ್ಟೋದಾ, ನಕ್ಷತ್ರಕ್ಕೆ ಕಟ್ಟೋದಾ? ಎರಡೂ ಒಟ್ಟಿಗೆ ಇರೋದಿಲ್ಲ.

ಕ್ರಿಸ್ತಶಕ 2ನೇ ಶತಮಾನದ ಟಾಲೆಮಿ ಋತುವಿಗೆ ಕಟ್ಟಿದ. ಮಾರ್ಚ್ ತಿಂಗಳ ವಿಷುವ ಬಿಂದು ಎಲ್ಲಿದೆಯೋ ಅಲ್ಲೇ ಮೇಷದ ಆರಂಭ, ಹಿಂದೆ ಯಾವ ನಕ್ಷತ್ರ ಬೇಕಾದ್ರೂ ಇರಲಿ. ಪಾಶ್ಚಾತ್ಯ ಜ್ಯೋತಿಷ್ಯ ಇವತ್ತಿಗೂ ಇದೇ ದಾರಿಯಲ್ಲಿದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸಾಯನ ಪದ್ಧತಿ ಅಂತಾರೆ. ನಮ್ಮ ಪಂಚಾಂಗಗಳು ನಕ್ಷತ್ರಕ್ಕೆ ಕಟ್ಟಿದವು. ಅದು ನಿರಯನ ಪದ್ಧತಿ. ಇವೆರಡರ ನಡುವಿನ ಅಂತರಕ್ಕೆ ಅಯನಾಂಶ ಅಂತ ಹೆಸರು. ಇವತ್ತಿಗೆ ಅದು 24 ಡಿಗ್ರಿಗಿಂತ ಸ್ವಲ್ಪ ಹೆಚ್ಚು.

ಒಂದು ಲೆಕ್ಕ ಹಾಕೋಣ. ಒಂದು ರಾಶಿಗೆ 30 ಡಿಗ್ರಿ. ಅದರಲ್ಲಿ 24 ಡಿಗ್ರಿ ಸರಿದಿದೆ. ಅಂದ್ರೆ ನೂರು ಜನರಲ್ಲಿ ಸುಮಾರು 80 ಜನರ ಸೂರ್ಯ ರಾಶಿ ಲಂಡನ್ನಿನ ಪತ್ರಿಕೆಯಲ್ಲಿ ಒಂದು, ನಮ್ಮ ಪಂಚಾಂಗದಲ್ಲಿ ಇನ್ನೊಂದು. ಅದರ ಮೇಲೆ ನಮ್ಮಲ್ಲಿ ‘ನಿಮ್ಮ ರಾಶಿ ಯಾವುದು’ ಅಂದ್ರೆ ಹೇಳೋದು ಚಂದ್ರ ಇದ್ದ ರಾಶಿಯನ್ನು. ಇಂಗ್ಲಿಷ್ ಪತ್ರಿಕೆ ನೋಡಿ ‘ನಾನು ಲಿಯೋ’ ಅನ್ನೋ ಮಗಳು, ಜಾತಕ ನೋಡಿ ‘ನೀನು ವೃಷಭ ಕಣೇ’ ಅನ್ನೋ ಅಜ್ಜಿ, ಇಬ್ಬರೂ ಜಗಳ ಆಡಬೇಕಾದ ಅಗತ್ಯವೇ ಇಲ್ಲ. ಅವರು ಮಾತಾಡ್ತಿರೋದು ಒಂದೇ ವಿಷಯದ ಬಗ್ಗೆ ಅಲ್ಲವೇ ಅಲ್ಲ.

ನಮ್ಮ ಹಿರಿಯರು ಏನು ಮಾಡಿದ್ರು?

ಭಾರತದ ಅತಿ ಹಳೆಯ ಖಗೋಳ ಗ್ರಂಥ ವೇದಾಂಗ ಜ್ಯೋತಿಷ. ಅದರಲ್ಲಿ 27 ನಕ್ಷತ್ರಗಳಿವೆ, ಅಯನಗಳಿವೆ, ತಿಥಿ ಇದೆ. ಆದರೆ ಮೇಷ, ವೃಷಭ ಅನ್ನೋ 12 ರಾಶಿಗಳ ಸುದ್ದಿ ಇಲ್ಲ. ನಕ್ಷತ್ರ ನಮ್ಮ ಮಣ್ಣಿನ ಲೆಕ್ಕ. ರಾಶಿ ಬಂದದ್ದು ಆಮೇಲೆ, ಗ್ರೀಕರ ಒಡನಾಟದಲ್ಲಿ.

ಇದನ್ನು ಹೇಳಿದ್ರೆ ಕೆಲವರಿಗೆ ಕೋಪ ಬರುತ್ತೆ. ಆದರೆ ಮುಚ್ಚುಮರೆಯಿಲ್ಲದೆ ಬರೆದಿಟ್ಟವನು ಸಾಕ್ಷಾತ್ ವರಾಹಮಿಹಿರ. 6ನೇ ಶತಮಾನದ ಅವನ ‘ಬೃಹಜ್ಜಾತಕ’ದಲ್ಲಿ ರಾಶಿಗಳಿಗೆ ಇನ್ನೊಂದು ಹೆಸರಿನ ಪಟ್ಟಿ ಇದೆ. ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ, ಸಿಂಹಕ್ಕೆ ಲೇಯ, ಕನ್ಯಾಗೆ ಪಾಥೋನ, ವೃಶ್ಚಿಕಕ್ಕೆ ಕೌರ್ಪ್ಯ. ಇವೆಲ್ಲ ಗ್ರೀಕಿನ ಕ್ರಿಯೋಸ್, ಟೌರೋಸ್, ಲಿಯೋನ್, ಪಾರ್ಥೆನೋಸ್, ಸ್ಕಾರ್ಪಿಯೋಸ್. ಕೇಳಿದ್ರೇ ಗೊತ್ತಾಗುತ್ತೆ. ಒಳ್ಳೆಯದು ಕಂಡಲ್ಲಿ ತಗೊಂಡು, ಎಲ್ಲಿಂದ ತಗೊಂಡೆ ಅನ್ನೋದರ ಗುರುತನ್ನೂ ಉಳಿಸುವ ದೊಡ್ಡತನ ಅವನಿಗಿತ್ತು.

ಅದಕ್ಕಿಂತ ದೊಡ್ಡ ಮಾತು ಅವನ ‘ಬೃಹತ್ಸಂಹಿತೆ’ಯಲ್ಲಿದೆ. ಹಳೆಯ ಶಾಸ್ತ್ರಗಳ ಪ್ರಕಾರ ದಕ್ಷಿಣಾಯನ ಆಶ್ಲೇಷೆಯ ನಡುವಿನಲ್ಲಿ, ಉತ್ತರಾಯಣ ಧನಿಷ್ಠೆಯ ಆರಂಭದಲ್ಲಿ ಶುರುವಾಗ್ತಿತ್ತು. ಈಗ ಹಾಗಿಲ್ಲ, ಕರ್ಕಾಟಕ ಮತ್ತು ಮಕರದ ಆರಂಭದಲ್ಲಿ ಆಗುತ್ತೆ ಅಂತ ವರಾಹಮಿಹಿರ ಹೇಳ್ತಾನೆ. ಅನುಮಾನ ಇದ್ದವರು ಏನು ಮಾಡಬೇಕು ಅನ್ನೋದನ್ನೂ ಹೇಳ್ತಾನೆ. ದೂರದ ಒಂದು ಗುರುತು ಇಟ್ಟುಕೊಂಡು ಸೂರ್ಯ ಹುಟ್ಟುವ, ಮುಳುಗುವ ಜಾಗ ನೋಡಿ, ಇಲ್ಲವೇ ದೊಡ್ಡ ವೃತ್ತ ಬರೆದು ನೆರಳು ಅಳೆದು ನೋಡಿ. ಶಾಸ್ತ್ರ ಒಂದು ಹೇಳುತ್ತೆ, ಕಣ್ಣು ಇನ್ನೊಂದು ಹೇಳುತ್ತೆ ಅಂದಾಗ ಕಣ್ಣಿಗೆ ಮರ್ಯಾದೆ ಕೊಟ್ಟವನು ಅವನು. ಇದು ನಮ್ಮದೇ ಪರಂಪರೆ.

ಅಯನ ಸರಿಯುವ ವಿಷಯ ನಮ್ಮ ಸಿದ್ಧಾಂತಕಾರರಿಗೂ ಗೊತ್ತಿತ್ತು. ಸೂರ್ಯಸಿದ್ಧಾಂತ ವರ್ಷಕ್ಕೆ 54 ವಿಕಲೆ ಅಂತ ಲೆಕ್ಕ ಕೊಡುತ್ತೆ. ವಿಕಲೆ ಅಂದ್ರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಭಾಗ. ಇಂದಿನ ಅಳತೆ ಸುಮಾರು 50 ವಿಕಲೆ. ಎಷ್ಟು ಹತ್ತಿರ ನೋಡಿ! ಒಂದೇ ವ್ಯತ್ಯಾಸ ಅಂದ್ರೆ, ಈ ಚಲನೆ 27 ಡಿಗ್ರಿ ಹೋಗಿ ಮತ್ತೆ ವಾಪಸ್ ಬರುತ್ತೆ, ಉಯ್ಯಾಲೆಯ ಹಾಗೆ ಅಂತ ಆ ಗ್ರಂಥ ಭಾವಿಸಿತ್ತು. ವಾಸ್ತವದಲ್ಲಿ ಅದು ವಾಪಸ್ ಬರೋದಿಲ್ಲ. ಪೂರ್ತಿ ಸುತ್ತು ಹೊಡೆಯುತ್ತೆ.

ಜಾರಿದ ಹಬ್ಬಗಳು

ಪರಿಣಾಮ ಏನಾಯ್ತು? ಸಂಕ್ರಾಂತಿಯ ದಿನ ‘ಇವತ್ತಿನಿಂದ ಉತ್ತರಾಯಣ’ ಅಂತೀವಿ. ಆದರೆ ಸೂರ್ಯ ಉತ್ತರಕ್ಕೆ ತಿರುಗೋದು ಡಿಸೆಂಬರ್ 21 ಅಥವಾ 22ಕ್ಕೆ. ಅವತ್ತೇ ವರ್ಷದ ಅತಿ ಚಿಕ್ಕ ಹಗಲು. ನಾವು ಎಳ್ಳು ಬೆಲ್ಲ ತಿನ್ನೋ ಹೊತ್ತಿಗೆ ಸೂರ್ಯ ಉತ್ತರಕ್ಕೆ ಹೊರಟು ಮೂರು ವಾರ ದಾಟಿರುತ್ತೆ. ಕ್ರಿಸ್ತಶಕ 3ನೇ ಶತಮಾನದ ಆಸುಪಾಸಿನಲ್ಲಿ ಎರಡೂ ಒಂದೇ ದಿನ ಬೀಳ್ತಿದ್ದವು. ಅಲ್ಲಿಂದ ವರ್ಷಕ್ಕೆ 20 ನಿಮಿಷದ ಹಾಗೆ ಜಾರುತ್ತಾ ಬಂದಿವೆ.

20 ನಿಮಿಷ ಏನು ಮಹಾ ಅನ್ನಿಸಬಹುದು. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12. ಅವತ್ತು ಮಕರ ಸಂಕ್ರಾಂತಿ. ಈಗ ಅದೇ ಸಂಕ್ರಾಂತಿ 14ಕ್ಕೆ ಬರುತ್ತೆ, ಕೆಲವು ವರ್ಷ 15ಕ್ಕೆ. 2024ರಲ್ಲಿ 15ಕ್ಕೇ ಬಂತು. ಒಂದೂವರೆ ಶತಮಾನದಲ್ಲಿ ಎರಡು ದಿನಕ್ಕೂ ಹೆಚ್ಚು ಜಾರಿದೆ. ವಿವೇಕಾನಂದ ಜಯಂತಿಗೂ ಸಂಕ್ರಾಂತಿಗೂ ಮಧ್ಯೆ ಇರುವ ಆ ಅಂತರ ಭೂಮಿ ಬುಗುರಿಯಂತೆ ಓಲಾಡುತ್ತಿರೋದರ ಸಾಕ್ಷಿ!

ಕರಾವಳಿಯವರು ಏಪ್ರಿಲ್ 14ರ ಸುಮಾರಿಗೆ ಬಿಸು ಹಬ್ಬ ಮಾಡ್ತಾರೆ. ಬಿಸು ಅಂದ್ರೆ ವಿಷು, ವಿಷು ಅಂದ್ರೆ ವಿಷುವ, ಹಗಲು ರಾತ್ರಿ ಸಮ ಆಗೋ ದಿನ. ಆದರೆ ಹಗಲು ರಾತ್ರಿ ಸಮ ಆಗೋದು ಮಾರ್ಚ್ 20ರ ಸುಮಾರಿಗೆ. ಹಬ್ಬ ಮುಂದೆ ಹೋಯ್ತು, ಹೆಸರು ಮಾತ್ರ ಹಳೆಯ ನೆನಪನ್ನು ಹಿಡಿದುಕೊಂಡು ಕೂತಿದೆ. ತಲಕಾವೇರಿಯ ತೀರ್ಥೋದ್ಭವವನ್ನು ಅಕ್ಟೋಬರ್ 17ರ ಸುಮಾರಿಗೆ, ತುಲಾ ಸಂಕ್ರಮಣದ ಮುಹೂರ್ತ ಹಿಡಿದು ಎಲ್ಲ ಚಾನೆಲ್‌ಗಳೂ ಲೈವ್ ತೋರಿಸ್ತೀವಿ. ಆ ಕ್ಷಣದಲ್ಲಿ ಸೂರ್ಯನ ಹಿಂದೆ ಇರೋದು ಕನ್ಯಾ ನಕ್ಷತ್ರಪುಂಜ. ತುಲಾ ಪುಂಜಕ್ಕೆ ಅವನು ಬರೋದು ಆ ತಿಂಗಳ ಕೊನೆಗೆ. ಭಕ್ತರ ಭಕ್ತಿಗೆ ಇದರಿಂದ ಏನೂ ಕಡಿಮೆ ಆಗೋದಿಲ್ಲ. ಆದರೆ ಆಕಾಶದಲ್ಲಿ ಏನಿದೆ ಅನ್ನೋದು ಗೊತ್ತಿರಬೇಕಲ್ವಾ?

ರೈತರ ಮಳೆ ನಕ್ಷತ್ರಗಳನ್ನೇ ತಗೊಳ್ಳಿ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬಂದಾಗ ಸುರಿಯೋದು ಆರಿದ್ರಾ ಮಳೆ. ಈಗ ಅದು ಜೂನ್ 22ರ ಹೊತ್ತಿಗೆ ಶುರು. 3ನೇ ಶತಮಾನದಲ್ಲಿ ಇದೇ ಲೆಕ್ಕ ಹಾಕಿದ್ರೆ, ಋತುವಿನ ಪ್ರಕಾರ ಅದು ಇಂದಿನ ಮೇ ಕೊನೆಯ ಹೊತ್ತಿಗೆ ಬರ್ತಿತ್ತು. ಮುಂಗಾರಿನ ಮೋಡಕ್ಕೆ ನಕ್ಷತ್ರದ ಹೆಸರು ಗೊತ್ತಿಲ್ಲ. ಅದು ಬರೋದು ಬಿಸಿಲು, ಕಡಲು, ಗಾಳಿಯ ಲೆಕ್ಕದಲ್ಲಿ. ಭರಣಿ ಮಳೆಗೆ ಏನು ಬಿತ್ತಬೇಕು, ರೋಹಿಣಿಗೆ ಏನು ಬಿತ್ತಬೇಕು ಅನ್ನೋ ಗಾದೆಗಳು ನೂರಾರು ವರ್ಷಗಳ ಅನುಭವದಿಂದ ಬಂದವು, ಅದಕ್ಕೆ ಕೈ ಮುಗಿಯೋಣ. ಆದರೆ ಆ ಗಾದೆಗಳ ಕೆಳಗಿನ ನೆಲವೇ 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತಿದೆ ಅನ್ನೋದೂ ನಿಜ.

ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಗೆ ಬನ್ನಿ. ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ಕಿಂಡಿಯಿಂದ ತೂರಿ, ನಂದಿಯ ಕೊಂಬುಗಳ ನಡುವಿನಿಂದ ಹಾದು ಶಿವಲಿಂಗದ ಮೇಲೆ ಬೀಳುತ್ತೆ. ರಾಜ್ಯವೇ ಟಿವಿ ಮುಂದೆ ಕೂತು ನೋಡುತ್ತೆ. ಅದ್ಭುತ ದೃಶ್ಯ, ಅದನ್ನು ಕಟ್ಟಿದವರಿಗೆ ಸೂರ್ಯನ ದಾರಿ ಗೊತ್ತಿತ್ತು. ಆದರೆ ಇದೇ ಬೆಳಕು ನವೆಂಬರ್ ಕೊನೆಯಲ್ಲೂ ಒಳಗೆ ಬರುತ್ತೆ ಅನ್ನೋದು ಎಷ್ಟು ಜನರಿಗೆ ಗೊತ್ತು? ಕಾರಣ ಸರಳ. ಡಿಸೆಂಬರ್ 21ಕ್ಕೆ 24 ದಿನ ಮೊದಲೂ 24 ದಿನ ಆಮೇಲೂ ಸೂರ್ಯ ಆಕಾಶದಲ್ಲಿ ಒಂದೇ ಹಾದಿಯಲ್ಲಿ ಮುಳುಗ್ತಾನೆ. ಕಿರಣ ಕಿಂಡಿಯ ಕೋನವನ್ನು ನೋಡುತ್ತೆ, ರಾಶಿಯನ್ನು ನೋಡೋದಿಲ್ಲ. ಕೆಂಪೇಗೌಡರ ಕಾಲದಲ್ಲಿ ಸಂಕ್ರಾಂತಿ ಈಗಿನ ಕ್ಯಾಲೆಂಡರ್ ಲೆಕ್ಕದಲ್ಲಿ ಸುಮಾರು ಒಂದು ವಾರ ಮೊದಲೇ ಬರ್ತಿತ್ತು. ಇನ್ನೂ ಕೆಲವು ಶತಮಾನ ಕಳೆದರೆ ಹಬ್ಬ ಇನ್ನಷ್ಟು ಮುಂದಕ್ಕೆ ಹೋಗುತ್ತೆ. ಕಲ್ಲಿನ ಕಿಂಡಿ ಮಾತ್ರ ಇದ್ದಲ್ಲೇ ಇರುತ್ತೆ. ಆಗ ಕಿರಣ ಬೀಳುವ ದಿನ ಸಂಕ್ರಾಂತಿ ಇರೋದಿಲ್ಲ, ಸಂಕ್ರಾಂತಿಯ ದಿನ ಕಿರಣ ಬೀಳೋದಿಲ್ಲ.

ಮೇಘನಾದ ಸಹಾ ಮಾಡಿದ ಪ್ರಯತ್ನ

ಇದನ್ನು ಸರಿ ಮಾಡೋಕೆ ಸ್ವತಂತ್ರ ಭಾರತ ಒಮ್ಮೆ ಗಂಭೀರವಾಗಿ ಪ್ರಯತ್ನ ಮಾಡಿತ್ತು. ಆಗ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳಿದ್ದವು. 1952ರಲ್ಲಿ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿ ಮಾಡಿತು. ಅಧ್ಯಕ್ಷರು ಖ್ಯಾತ ಭೌತವಿಜ್ಞಾನಿ ಮೇಘನಾದ ಸಹಾ, ಕಾರ್ಯದರ್ಶಿ ಎನ್.ಸಿ. ಲಾಹಿರಿ. 1955ರಲ್ಲಿ ವರದಿ ಬಂತು. ಹಬ್ಬಗಳು ಋತುವಿನಿಂದ 23 ದಿನ ಜಾರಿವೆ ಅಂತ ಅದು ನೇರವಾಗಿ ಹೇಳಿತು.

ಆದರೆ ಆ 23 ದಿನವನ್ನು ಒಂದೇ ಏಟಿಗೆ ಹಿಂದಕ್ಕೆ ತಂದ್ರೆ ಜನ ಒಪ್ಪುತ್ತಾರಾ? ಡಿಸೆಂಬರ್ 22ಕ್ಕೆ ಸಂಕ್ರಾಂತಿ ಮಾಡಿ ಅಂದ್ರೆ ಹಳ್ಳಿಯಲ್ಲಿ ಕಿಚ್ಚು ಹಾಯಿಸೋರು ಕೇಳ್ತಾರಾ? ಸಮಿತಿ ಮಧ್ಯದ ದಾರಿ ಹಿಡಿಯಿತು. ಜಾರಿದ್ದು ಜಾರಿತು, ಇನ್ನು ಮುಂದೆ ಜಾರೋದು ನಿಲ್ಲಲಿ ಅಂದಿತು. ಸರ್ಕಾರಿ ಬಳಕೆಗೆ ವಿಷುವದ ಮರುದಿನ ಶುರುವಾಗುವ ಶಕ ಕ್ಯಾಲೆಂಡರ್ 1957ರ ಮಾರ್ಚ್ 22ರಂದು ಜಾರಿಗೆ ಬಂತು. ಈಗಲೂ ಅದೇ ನಮ್ಮ ರಾಷ್ಟ್ರೀಯ ಪಂಚಾಂಗ. ನಿಮ್ಮಲ್ಲಿ ಎಷ್ಟು ಜನಕ್ಕೆ ಇವತ್ತಿನ ಶಕ ತಾರೀಖು ಗೊತ್ತು? ಗೊತ್ತಿಲ್ಲ ತಾನೆ. ಹಬ್ಬದ ಪಂಚಾಂಗಗಳು ತಮ್ಮ ಹಳೆಯ ದಾರಿಯಲ್ಲೇ ಮುಂದುವರಿದವು.

ಸಮಿತಿ ಇನ್ನೊಂದು ಗಂಟನ್ನೂ ಬಿಡಿಸಬೇಕಿತ್ತು. ನಿರಯನ ಲೆಕ್ಕಕ್ಕೆ ಸೊನ್ನೆ ಎಲ್ಲಿ? ಆಕಾಶದಲ್ಲಿ ‘ಮೇಷ ಇಲ್ಲಿಂದ ಶುರು’ ಅಂತ ಬೋರ್ಡ್ ಇಲ್ಲ. ಆ ಜಾಗದಲ್ಲಿ ಗುರುತು ಹಿಡಿಯೋಕೆ ಒಂದು ಪ್ರಕಾಶಮಾನ ನಕ್ಷತ್ರವೂ ಇಲ್ಲ. ಹಾಗಾಗಿ ಎದುರುಗಡೆ ಇರುವ ಚಿತ್ತಾ ನಕ್ಷತ್ರವನ್ನು ಹಿಡಿದರು. ಅದರಿಂದ ಸರಿಯಾಗಿ 180 ಡಿಗ್ರಿ ಆಚೆ ಇರೋದು ಮೇಷದ ಆರಂಭ ಅಂತ ಮಾಡಿದರು. ಹಿಪ್ಪಾರ್ಕಸ್ ಕಣ್ಣಿಟ್ಟಿದ್ದ ಅದೇ ನಕ್ಷತ್ರ! 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ ಅಂತ ನಿಗದಿ ಆಯ್ತು. ಇದನ್ನೇ ಲಾಹಿರಿ ಅಯನಾಂಶ ಅಂತಾರೆ. ಈ ಲೆಕ್ಕದಲ್ಲಿ ಸಾಯನ, ನಿರಯನ ಎರಡೂ ಕೂಡಿದ್ದ ವರ್ಷ ಕ್ರಿಸ್ತಶಕ 285.

ಎಲ್ಲರೂ ಒಪ್ಪಿದರಾ? ಇಲ್ಲ. ನಮ್ಮ ಬೆಂಗಳೂರಿನವರೇ ಆದ ಪ್ರಸಿದ್ಧ ಜ್ಯೋತಿಷಿ ಬಿ.ವಿ. ರಾಮನ್ ಅವರ ಲೆಕ್ಕದಲ್ಲಿ ಆ ವರ್ಷ 397. ಎರಡಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸ. ಇಬ್ಬರೂ ದೊಡ್ಡ ಗಣಿತಜ್ಞಾನ ಇದ್ದವರು, ಇಬ್ಬರನ್ನೂ ಅನುಸರಿಸುವವರು ಇವತ್ತಿಗೂ ಇದ್ದಾರೆ.

ಒಂದೂವರೆ ಡಿಗ್ರಿ ಅಂದ್ರೆ ಏನು? ಇಲ್ಲಿ ಎಂಜಿನಿಯರಿಂಗ್ ಓದಿದ್ದು ಸ್ವಲ್ಪ ಉಪಯೋಗಕ್ಕೆ ಬರಲಿ. ರಾಶಿಗೆ 30 ಡಿಗ್ರಿ, ಅದರಲ್ಲಿ ಒಂದೂವರೆ ಅಂದ್ರೆ ಶೇಕಡಾ 5. ಇಪ್ಪತ್ತು ಜನರಲ್ಲಿ ಒಬ್ಬರ ಜನ್ಮರಾಶಿ ಎರಡು ಪದ್ಧತಿಗಳಲ್ಲಿ ಎರಡು. ಒಂದು ನಕ್ಷತ್ರದ ಪಾಲಿಗೆ 13 ಡಿಗ್ರಿ 20 ಕಲೆ. ಅಂದ್ರೆ ಸುಮಾರು ಒಂಬತ್ತು ಜನರಲ್ಲಿ ಒಬ್ಬರ ಜನ್ಮನಕ್ಷತ್ರವೇ ಬೇರೆ!

‘ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗಿ ಬರಲ್ಲ’ ಅಂತ ಹೇಳಿ ಬಂದ ಸಂಬಂಧ ಬಿಡೋ ಮನೆಗಳು ಇವತ್ತೂ ಇವೆ. ಓದಿದ, ದುಡಿಯೋ ಹೆಣ್ಣುಮಕ್ಕಳು ತಾವು ಮಾಡದ ತಪ್ಪಿಗೆ ತಲೆ ತಗ್ಗಿಸಿ ಕೂರ್ತಾರೆ. ಈಗ ಗಮನವಿಟ್ಟು ಕೇಳಿ. ಲಾಹಿರಿ ಲೆಕ್ಕದಲ್ಲಿ ಮೂಲಾ ನಕ್ಷತ್ರದ ಕೊನೆಯ ಭಾಗದಲ್ಲಿ ಹುಟ್ಟಿದ ಹುಡುಗಿ, ರಾಮನ್ ಲೆಕ್ಕದಲ್ಲಿ ಪೂರ್ವಾಷಾಢ. ಚಂದ್ರ ಒಂದೂವರೆ ಡಿಗ್ರಿ ಸಾಗೋಕೆ ಸುಮಾರು ಮೂರು ಗಂಟೆ ಬೇಕು. ಆ ಮೂರು ಗಂಟೆಯಲ್ಲಿ ಹುಟ್ಟಿದ ಮಗು ದೋಷ ಇರೋದಾ, ಇಲ್ಲದ್ದಾ ಅನ್ನೋದನ್ನು ತೀರ್ಮಾನ ಮಾಡೋದು ಆಕಾಶ ಅಲ್ಲ. ಕಂಪ್ಯೂಟರ್ ಜಾತಕದ ಸಾಫ್ಟ್‌ವೇರ್‌ನಲ್ಲಿ ಯಾವ ಅಯನಾಂಶಕ್ಕೆ ಟಿಕ್ ಹಾಕಿದ್ದಾರೆ ಅನ್ನೋದು! ಒಂದು ಡ್ರಾಪ್‌ಡೌನ್ ಮೆನು ಒಬ್ಬ ಹುಡುಗಿಯ ಹಣೆಬರಹ ಬರೆಯಬೇಕಾ?

1930 ಮತ್ತು ಹದಿಮೂರನೆಯ ರಾಶಿ

ಖಗೋಳ ವಿಜ್ಞಾನಿಗಳೂ ಗಡಿ ಹಾಕಿದ್ರು. 1922ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಇಡೀ ಆಕಾಶಕ್ಕೆ 88 ಪುಂಜಗಳ ಪಟ್ಟಿ ಒಪ್ಪಿಕೊಂಡಿತು. ಬೆಲ್ಜಿಯಂನ ಯೂಜೀನ್ ಡೆಲ್‌ಪೋರ್ಟ್ ಅವುಗಳ ನಿಖರ ಗಡಿ ಎಳೆದರು, ಅದು 1930ರಲ್ಲಿ ಪ್ರಕಟ ಆಯ್ತು. ಉದ್ದೇಶ ಭವಿಷ್ಯ ಹೇಳೋದಲ್ಲ. ಹೊಸ ನಕ್ಷತ್ರ, ಧೂಮಕೇತು ಕಂಡಾಗ ‘ಇಂಥ ಪುಂಜದಲ್ಲಿ’ ಅಂತ ಎಲ್ಲರೂ ಒಂದೇ ವಿಳಾಸ ಬರೆಯೋಕೆ. ಆಕಾಶಕ್ಕೆ ಪಿನ್‌ಕೋಡ್ ಅನ್ನಿ.

ಕಾಕತಾಳೀಯ ನೋಡಿ. ಅದೇ 1930ರ ಆಗಸ್ಟ್‌ನಲ್ಲಿ ಲಂಡನ್ನಿನ ‘ಸಂಡೇ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಆರ್.ಎಚ್. ನೇಲರ್ ಅನ್ನೋ ಜ್ಯೋತಿಷಿ, ಆಗಷ್ಟೇ ಹುಟ್ಟಿದ್ದ ರಾಜಕುಮಾರಿ ಮಾರ್ಗರೆಟ್‌ಳ ಭವಿಷ್ಯ ಬರೆದ. ಓದುಗರು ಮುಗಿಬಿದ್ದರು. ಪತ್ರಿಕೆಗಳಲ್ಲಿ ರಾಶಿ ಭವಿಷ್ಯದ ಕಾಲಂ ಜನಪ್ರಿಯ ಆಗಿದ್ದು ಅಲ್ಲಿಂದ. ನಮ್ಮಂಥ ಚಾನೆಲ್‌ಗಳ ಬೆಳಗಿನ ಕಾರ್ಯಕ್ರಮಗಳು ಅದರ ಮೊಮ್ಮಕ್ಕಳು. ಒಂದೇ ವರ್ಷ, ಒಂದು ಕಡೆ ವಿಜ್ಞಾನ ಆಕಾಶಕ್ಕೆ ಗಡಿ ಹಾಕಿ ಮುಗಿಸಿತು, ಇನ್ನೊಂದು ಕಡೆ ಮಾರುಕಟ್ಟೆ ಆಕಾಶವನ್ನು 12 ಪ್ಯಾರಾಗಳಾಗಿ ಕತ್ತರಿಸಿ ಮಾರೋಕೆ ಶುರು ಮಾಡಿತು.

ಡೆಲ್‌ಪೋರ್ಟ್ ಗಡಿಗಳ ಪ್ರಕಾರ ಸೂರ್ಯ ಹಾದುಹೋಗೋದು 13 ಪುಂಜಗಳಲ್ಲಿ. ವೃಶ್ಚಿಕಕ್ಕೂ ಧನುವಿಗೂ ಮಧ್ಯೆ, ನವೆಂಬರ್ ಕೊನೆಯಿಂದ ಡಿಸೆಂಬರ್ 17ರ ಸುಮಾರಿನವರೆಗೆ ಅವನು ಇರೋದು ಉರಗಧರ ಅನ್ನೋ ಪುಂಜದಲ್ಲಿ, ಹಾವು ಹಿಡಿದ ಮನುಷ್ಯನ ಚಿತ್ರ. 2016ರಲ್ಲಿ ಇದು ಜಗತ್ತಿನಾದ್ಯಂತ ಬ್ರೇಕಿಂಗ್ ನ್ಯೂಸ್ ಆಯ್ತು. ನಾಸಾ ರಾಶಿಗಳನ್ನೇ ಬದಲಿಸಿತು, ನಿಮ್ಮ ರಾಶಿ ಇನ್ನು ಬೇರೆ ಅಂತ. ರಾಶಿ ಬದಲಿಸೋ ಕೆಲಸ ನಮ್ಮದಲ್ಲ, ನಾವು ಬರೀ ಲೆಕ್ಕ ಹೇಳಿದ್ವಿ ಅಂತ ನಾಸಾ ಸ್ಪಷ್ಟನೆ ಕೊಡಬೇಕಾಯ್ತು.

ಆಗ ಜ್ಯೋತಿಷಿಗಳು ಕೊಟ್ಟ ಉತ್ತರ ಏನಿತ್ತು? ‘ರಾಶಿ ಅಂದ್ರೆ ಪುಂಜ ಅಲ್ಲ, 30 ಡಿಗ್ರಿಯ ಸಮಭಾಗ. ಹದಿಮೂರನೆಯದಕ್ಕೆ ಜಾಗ ಇಲ್ಲ.’ ಈ ಮಾತು ಸರಿ. ನೂರಕ್ಕೆ ನೂರು ಸರಿ. ಬ್ಯಾಬಿಲೋನಿನವರು ಮಾಡಿದ್ದೂ ಅದನ್ನೇ. ಆದರೆ ಈ ಉತ್ತರದ ಬೆಲೆ ಏನು ಅಂತ ಯೋಚನೆ ಮಾಡಿ. ರಾಶಿ ಅನ್ನೋದು ನಕ್ಷತ್ರಗಳ ಗುಂಪು ಅಲ್ಲ, ಮನುಷ್ಯ ಎಳೆದ ಗೆರೆ ಅಂತ ಒಪ್ಪಿಕೊಂಡ ಮೇಲೆ, ಸಿಂಹ ರಾಶಿಯವನಿಗೆ ಸಿಂಹದ ಧೈರ್ಯ ಎಲ್ಲಿಂದ ಬಂತು? ವೃಶ್ಚಿಕದವಳಿಗೆ ಚೇಳಿನ ಸಿಟ್ಟು ಎಲ್ಲಿಂದ ಬಂತು? ಚೇಳಿನ ಕೊಂಡಿಯೇ ಅಲ್ಲಿಲ್ಲವಲ್ಲ! ಗೆರೆಯನ್ನು ಒಬ್ಬರು ಋತುವಿಗೆ ಕಟ್ಟಿದರು, ಇನ್ನೊಬ್ಬರು ಚಿತ್ತೆಗೆ ಕಟ್ಟಿದರು, ಮತ್ತೊಬ್ಬರು ಒಂದೂವರೆ ಡಿಗ್ರಿ ಆಚೆಗೆ ಕಟ್ಟಿದರು. ಗೆರೆ ಅಳತೆಯ ಸಾಧನ. ಅಡಿಪಟ್ಟಿ ಬಟ್ಟೆಯ ಉದ್ದ ಹೇಳುತ್ತೆ, ಬಟ್ಟೆ ಉಟ್ಟವಳ ಗುಣ ಹೇಳೋದಿಲ್ಲ.

ಹಾಗಂತ ಪಂಚಾಂಗವನ್ನು ಒಲೆಗೆ ಹಾಕಿ ಅಂತ ನಾನು ಹೇಳ್ತಿಲ್ಲ. ಪಂಚಾಂಗದಲ್ಲಿ ಎರಡು ಭಾಗ ಇದೆ. ಒಂದು ಲೆಕ್ಕ, ಗ್ರಹಣ ಯಾವಾಗ, ಹುಣ್ಣಿಮೆ ಯಾವಾಗ, ಚಂದ್ರ ಎಲ್ಲಿ ಅನ್ನೋದು. ಅದು ಈ ದೇಶದ ತಲೆಮಾರುಗಳ ಗಣಿತ, ಹೆಮ್ಮೆ ಪಡಬೇಕಾದ್ದು. ಇನ್ನೊಂದು ಆ ಲೆಕ್ಕದ ಮೇಲೆ ಮನುಷ್ಯರ ಹಣೆಗೆ ಅಂಟಿಸೋ ಚೀಟಿ. ಇಷ್ಟು ದಿನ ಎರಡನ್ನೂ ಒಂದೇ ಅಂತ ನಂಬಿಸಲಾಗಿದೆ. ಮುಂದಿನ ಸಲ ಯಾರಾದರೂ ಜಾತಕ ಕೂಡಲಿಲ್ಲ ಅಂತ ಒಂದು ಸಂಬಂಧ ಬಿಡೋಕೆ ಹೊರಟರೆ ಒಂದೇ ಪ್ರಶ್ನೆ ಕೇಳಿ. ‘ಯಾವ ಅಯನಾಂಶ ಹಾಕಿದ್ರಿ ಸ್ವಾಮಿ?’ ಉತ್ತರ ಬರೋಕೆ ತಡ ಆದ್ರೆ, ನಿಮ್ಮ ಉತ್ತರ ನಿಮಗೆ ಸಿಕ್ಕಂತೆ.

ಕಡೆಗೊಂದು ಮಾತು. ಚೈತ್ರ ಮಾಸಕ್ಕೆ ಆ ಹೆಸರು ಬಂದದ್ದು ಆ ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ಇರ್ತಾನೆ ಅನ್ನೋ ಕಾರಣಕ್ಕೆ. ಯುಗಾದಿ ಕಳೆದ ಮೇಲೆ ಒಂದು ರಾತ್ರಿ ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗಿ. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೇ ಮುಂದುವರಿಸಿ. ಮೊದಲು ಕೆಂಪು ಛಾಯೆಯ ಸ್ವಾತಿ ಸಿಗುತ್ತೆ. ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ಬೆಳ್ಳಗೆ ಹೊಳೆಯೋದು ಚಿತ್ತಾ. ಎರಡು ಸಾವಿರ ವರ್ಷದ ಹಿಂದೆ ಒಬ್ಬ ಗ್ರೀಕ ಅದನ್ನು ಅಳೆದ. 1955ರಲ್ಲಿ ನಮ್ಮವರು ಅದಕ್ಕೆ ಇಡೀ ರಾಶಿಚಕ್ರವನ್ನು ಕಟ್ಟಿದರು. ಇಷ್ಟೆಲ್ಲ ಜಗಳಕ್ಕೆ ಕಾರಣವಾದ ನಕ್ಷತ್ರ ಅದು. ಅದಕ್ಕೆ ನಮ್ಮ ಯಾರ ರಾಶಿಯೂ ಗೊತ್ತಿಲ್ಲ, ಯಾವ ಹುಡುಗಿಯ ಮೇಲೂ ಕೋಪ ಇಲ್ಲ. ಮಕ್ಕಳಿಗೆ ಅದನ್ನು ತೋರಿಸಿ, ಹೆಸರು ಹೇಳಿಕೊಡಿ. ಭಯ ಹೇಳಿಕೊಡಬೇಡಿ.